ಹನ್ನೊಂದು ಸೆಕೆಂಡು

ಮೊದಲ ಸೆಮಿಸ್ಟರಿನಲ್ಲಿ ಬೋರ್ಡಿನ ಮೇಲೆ
ಒಂದು ಡಬ್ಬ, ಒಂದು ಬಾಣ, ಇನ್ನೊಂದು ಡಬ್ಬ.
ಹೇಳುವವನು, ಕೇಳುವವನು, ನಡುವೆ ದಾರಿ;
ದಾರಿಯ ಮೇಲೆ ಅಂಕುಡೊಂಕು ಗೆರೆ: ಗದ್ದಲ.
ಸಂವಹನ ಅಂದರೆ ಇಷ್ಟೇ, ಅಂದರು ಸುಡಾನಿನ ಇಲ್ಹಾಮ್ ಮೇಡಂ.
ಇಷ್ಟೇ ಆಗಿದ್ದರೆ ನನಗೆ ಸಂಬಳ ಯಾಕೆ, ಅಂತಲೂ ಅಂದರು.

ದಾರಿಗೆ ಒಂದು ಉದಾಹರಣೆ ಕೊಡಿ.
ನಾವೆಲ್ಲ ಫೋನು, ಟವರು, ಕೇಬಲ್ಲು.
ಹಿಂದಿನ ಬೆಂಚಿನ ಶಮ್ಮಾ ಮಾತ್ರ, ಹಗ್ಗ, ಅಂದಳು.
ಅವಳ ಮುತ್ತಜ್ಜ ಮುತ್ತಿಗಾಗಿ ಮುಳುಗುತ್ತಿದ್ದನಂತೆ,
ಮೂಗಿಗೆ ಆಮೆಚಿಪ್ಪಿನ ಚಿಮಟ, ಕಾಲಿಗೆ ಕಲ್ಲು.
ದೋಣಿಯಲ್ಲಿ ಹಗ್ಗ ಹಿಡಿದು ಕೂತವನಿಗೆ ಬೇರೆ ಕೆಲಸವಿಲ್ಲ;
ಕೆಳಗಿನಿಂದ ಒಂದು ಎಳೆತ ಬರುವ ತನಕ ಸುಮ್ಮನಿರಬೇಕು,
ಬಂದ ಮೇಲೆ ಸುಮ್ಮನಿರಕೂಡದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು:
ಈ ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿ
ಕ್ಲಾಸಿನಲ್ಲಿ ಅರ್ಧಕ್ಕೇ ಒಡೆದೆ.

ನನ್ನ ಉಪ್ಪನದು ಶಾರ್ಜಾದ ರೋಲಾದಲ್ಲಿ, ಹಿಂದಿನ ಗಲ್ಲಿಯಲ್ಲಿ, ಟೈಪಿಂಗ್ ಸೆಂಟರು.
ಎರಡು ಕಂಪ್ಯೂಟರು, ನಾಲ್ಕು ಪ್ಲಾಸ್ಟಿಕ್ ಕುರ್ಚಿ.
ವೀಸಾ, ಲೇಬರ್ ಕಾರ್ಡು, ಬಾಡಿಗೆ ಕರಾರು,
ಕಳೆದುಹೋದ ಪಾಸ್‌ಪೋರ್ಟಿಗೊಂದು ವಿನಂತಿ.
ಇಪ್ಪತ್ತೆರಡು ವರ್ಷದಿಂದ ಹಸನಬ್ಬ
ಬೇರೆಯವರ ಮಾತನ್ನೇ ಕುಟ್ಟುತ್ತಿದ್ದಾರೆ.
ಫೀಸು ಕಟ್ಟುವ ದಿನ ಕೇಳಿದ್ದರು:
'ಮಾಸ್ ಕಮ್ಯುನಿಕೇಶನ್ ಅಂದ್ರೆ ಎಂತ ಮಗಳೇ?'
ಎಲ್ಲರ ಹತ್ತಿರ ಮಾತಾಡುವುದು, ಅಂದೆ.
'ಅದಕ್ಕೆ ಇಷ್ಟು ದಿರ್ಹಮ್ಮಾ?'

ಮೂರನೇ ವರ್ಷ, ರೇಡಿಯೋ ಪೇಪರು.
ಒಬ್ಬರ ದನಿ, ಮೂರು ನಿಮಿಷ, ಮೀರಿದರೆ ಅಂಕ ಕಡಿತ.
ನಾನು ಹಿಡಿದದ್ದು ಔರಾದ್ ಕಡೆಯ ಮಾಣಿಕಪ್ಪನವರನ್ನು,
ಟವರ್ ಕ್ರೇನಿನ ಗೂಡಿನಲ್ಲಿ ದಿನಕ್ಕೆ ಹನ್ನೆರಡು ಗಂಟೆ ಒಬ್ಬರೇ.
ರಜೆಯ ಮಧ್ಯಾಹ್ನ, ಉಪ್ಪನ ಅಂಗಡಿಯ ಶಟರು ಅರ್ಧ ಇಳಿಸಿ,
ಸದ್ದು ಬರಬಾರದೆಂದು ಏಸಿ ಆರಿಸಿ,
ಇಬ್ಬರೂ ಬೆವರುತ್ತ ಕೂತೆವು.

'ಮ್ಯಾಗ ಕುಂತ್ರ ಸಮುದ್ರ ಕಾಣ್ತದ. ಆಚಿ ದಂಡಿ ಕಾಣಂಗಿಲ್ಲ.
ವಾಕಿಟಾಕ್ಯಾಗ ದಿನಾ ನಾಕ್ ಮಾತು:
ಎತ್ತು, ತಿರಗಸು, ನಿಲ್ಲು, ಇಳಸು. ಅದೂ ಹಿಂದಿಯೊಳಗ.
ಅಲ್ಲಿ ನನ್ನ ಹೆಸರು ಕ್ರೇನ್ ಫೋರ್.'

ಹಾಗಾದರೆ ಈ ಊರಲ್ಲಿ ಕೊನೆಯ ಸಲ
ಯಾರು ನಿಮ್ಮನ್ನು ಹೆಸರು ಹಿಡಿದು ಕರೆದದ್ದು?
ಚುರುಕಿನ ಪ್ರಶ್ನೆ, ಕೇಳಿ ನಾನೇ ಹಿಗ್ಗಿದೆ.
ಅವರು ಮುಳುಗಿದರು.

ಪರದೆಯ ಮೇಲೆ ಹಸಿರು ಗೆರೆ ಮಲಗಿತು.
ಮೂರು. ಹೊರಗೆ ಯಾರೋ ಟ್ರಾಲಿ ಎಳೆದರು.
ಐದು. ಕರಕ್ ಚಹಾದ ಹುಡುಗ ಶಟರು ತಟ್ಟಿ ಹೋದ.
ಎಂಟರ ಹತ್ತಿರ ನನ್ನ ಬಾಯಿ ತೆರೆದಿತ್ತು,
ಇನ್ನೊಂದು ಪ್ರಶ್ನೆ ಎಸೆದು ಅವರನ್ನು ಕಾಪಾಡಲು.
ಯಾಕೋ ಎಸೆಯಲಿಲ್ಲ.
ಹನ್ನೊಂದಕ್ಕೆ ಎಳೆತ ಬಂತು:

'ನಿಮ್ಮಪ್ಪರೀ. ಫಾರಂ ತುಂಬೂ ಮುಂದ.
ಮಾಣಿಕಪ್ಪ, ಒಂದು ಪಿಯಾ ಎರಡು ಪಿಯಾ ಅಂತ ಕೇಳಿದ್ರು.
ಎರಡು ಅಂದೆ. ಎರಡೂ ಹೊಡದ್ರು.'

ರಾತ್ರಿ ಒಂಬತ್ತು, ಎಡಿಟಿಂಗ್ ಲ್ಯಾಬು.
ಮೂರು ನಿಮಿಷ ಹದಿನಾಲ್ಕು ಸೆಕೆಂಡು.
ಪಕ್ಕದಲ್ಲಿ ಜೋವೆಲಿನ್ ತನ್ನ ಫೈಲಿನಿಂದ ಉಸಿರುಗಳನ್ನೆಲ್ಲ
ಅಕ್ಕಿಯ ಕಲ್ಲಿನಂತೆ ಆರಿಸಿ ಎಸೆಯುತ್ತಿದ್ದಳು.
ಆ ಖಾಲಿ ಜಾಗ ಕತ್ತರಿಸು, ಸರಿಹೋಗುತ್ತದೆ, ಅಂದಳು.
ಕರ್ಸರು ಎರಡು ಸಲ ಅಲ್ಲಿಗೆ ಹೋಗಿ ಬಂತು.
ಕೊನೆಗೆ ತೆಗೆದದ್ದು ನನ್ನ ದನಿ,
'ಗಗನಚುಂಬಿಗಳ ನೆರಳಿನಲ್ಲಿ' ಎಂದು ಶುರುವಾಗುವ,
ಎರಡು ದಿನ ತಿದ್ದಿ ತಿದ್ದಿ ಬರೆದ ಪೀಠಿಕೆ.

ನಿರೂಪಕಿ ಎಲ್ಲಿ, ಅಂತ ಮೇಡಂ ಬರೆದರು. ಐದು ಅಂಕ ಹೋಯಿತು.

ಉಪ್ಪನಿಗೆ ಕೇಳಿಸಿದೆ. ಒಂದು ಕಿವಿಗೆ ಇಯರ್‌ಫೋನು,
ಇನ್ನೊಂದು ಕಿವಿ ಗಿರಾಕಿಗೆ.
ಮೌನ ಬಂದಾಗ ಫೋನು ಅಲ್ಲಾಡಿಸಿ ನೋಡಿದರು, 'ನಿಂತಿತಾ?'
ಇಲ್ಲ, ಇನ್ನೂ ಉಂಟು.
ಕಾದರು.

'ಪಾಸ್‌ಪೋರ್ಟಿನಲ್ಲಿ ಒಂದೇ ಪಿ ಇತ್ತು ಮಾರಾಯ್ತಿ.
ಆ ಫಾರ್ಮು ತಿರುಗಿ ಬಂತು, ಮತ್ತೆ ನಾನೇ ದುಡ್ಡು ಕಟ್ಟಿ ಕಳಿಸಿದೆ.
ಅವರಿಗೆ ಹೇಳಲಿಲ್ಲ.'
ಇಯರ್‌ಫೋನು ತೆಗೆದು ನನ್ನ ಕೈಗಿಟ್ಟು
ಮುಂದಿನವರ ಹೆಸರು ಕೇಳಿದರು.